ಶೋಕವೂ ಲೆಕ್ಕವೂ

ಮರಣದ ಮಾತನ್ನು ಮನೆಯಲ್ಲಿ ಎತ್ತುವುದು ಅಮಂಗಳವೆಂದು ನಮ್ಮವರ ನಂಬಿಕೆ. ಎತ್ತಿದರೆ ಹಿರಿಯರು "ಬಿಡ್ತು ಅನ್ನು" ಎಂದು ತಡೆಯುತ್ತಾರೆ. ತರಗತಿಯಲ್ಲಿ ಕರುಣರಸವನ್ನು ಬೋಧಿಸುವ ನನಗೆ ಈ ಮೌನವೇ ಹೆಚ್ಚು ಅಮಂಗಳವಾಗಿ ತೋರುತ್ತದೆ. ಶೋಕಕ್ಕೆ ಕಾಲ ಬೇಕು. ಮಕ್ಕಳ ಶುಲ್ಕವೂ ಮನೆಯ ಬಾಡಿಗೆಯೂ ಕಾಯುವುದಿಲ್ಲ.

ಬ್ಯಾಂಕಿನ ಠೇವಣಿಗೆ ತನ್ನ ನಾಮನಿರ್ದೇಶನವಾಗಿದ್ದರೆ ಹಣವೆಲ್ಲ ತನ್ನದೇ ಎಂದು ತಿಳಿದವರುಂಟು. ನಾಮನಿರ್ದೇಶಿತರು ಹಣವನ್ನು ಪಡೆಯಲು ಅರ್ಹರೇ ಹೊರತು, ಅಷ್ಟರಿಂದಲೇ ಒಡೆಯರಲ್ಲ. ಉಯಿಲಿಲ್ಲದೆ ತೀರಿಕೊಂಡ ಹಿಂದೂ ಪುರುಷನ ಸ್ವಾರ್ಜಿತದಲ್ಲಿ, 1956ರ ಉತ್ತರಾಧಿಕಾರ ಕಾಯಿದೆಯಂತೆ, ಹೆಂಡತಿ, ಮಕ್ಕಳು, ತಾಯಿ ಸಮಭಾಗಿಗಳು. ಅಪ್ರಾಪ್ತ ಮಗುವಿಗೆ ಹೀಗೆ ಬಂದ ಮನೆ ನಿವೇಶನಗಳನ್ನು ಮಾರುವ ಮೊದಲು, ಪೋಷಕಿ ಹೆತ್ತ ತಾಯಿಯೇ ಆದರೂ, ನ್ಯಾಯಾಲಯದ ಅನುಮತಿಯ ಪ್ರಶ್ನೆ ಏಳುತ್ತದೆ.

ಉಪಾಯ ದುಬಾರಿಯದಲ್ಲ. ಬರೆದವನ ಮತ್ತು ಇಬ್ಬರು ಸಾಕ್ಷಿಗಳ ರುಜುವಿದ್ದರೆ ಉಯಿಲಿಗೆ ಬೆಲೆಯುಂಟು, ನೋಂದಣಿ ಕಡ್ಡಾಯವಲ್ಲ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯಂತೆ ಹೆಂಡತಿ ಮಕ್ಕಳ ಹಿತಕ್ಕಾಗಿ ಮಾಡಿಸಿದ ಜೀವವಿಮೆಯನ್ನು, ಸಾಲ ಕೊಟ್ಟವರು ಸಾಮಾನ್ಯವಾಗಿ ಮುಟ್ಟಲಾರರು. ಬಂದ ಇಡಿಗಂಟನ್ನು ಮೊದಲ ವರ್ಷ ಯಾವ ಬಂಧುವಿನ ವ್ಯಾಪಾರಕ್ಕೂ ಕೊಡಬಾರದೆಂಬುದು ನನ್ನ ಮತ.

ಹಣವೊಂದೇ ಲೆಕ್ಕವಲ್ಲ. ಹೆಂಡತಿ ಮೊದಲು ಹೋದರೆ, ಮಗುವಿಗೆ ಯಾವ ಔಷಧಿ ಒಗ್ಗದು, ಅದು ಯಾರ ಮಡಿಲಲ್ಲಿ ನಿದ್ರಿಸುತ್ತದೆ ಎಂಬುದನ್ನರಿಯದ ತಂದೆಯೂ ನಿರ್ಗತಿಕನೇ. ಇವೂ ಆ ಹಾಳೆಯಲ್ಲಿರಲಿ. ಯುಗಾದಿಯಂದು ಪಂಚಾಂಗದ ಆಯವ್ಯಯವನ್ನು ಕೇಳುವ ನಾವು, ಅದೇ ದಿನ ದಂಪತಿಗಳು ಕೂಡಿ ಮನೆಯ ಆಯವ್ಯಯವನ್ನೂ ಓದಿದರೆ ಅಮಂಗಳವೇನೂ ಆಗದು.