ಸಭಾಭವನದ ಪಕ್ಕದ ಛತ್ರ ಎಲ್ಲಿ?

ನಮ್ಮ ಊರ ಕಡೆ ಹೋಟೆಲು ಎಂದರೆ ಇಡ್ಲಿ, ಕಾಫಿ ಸಿಗುವ ಜಾಗ. ರಾತ್ರಿ ತಂಗಲು ಲಾಡ್ಜು, ಕೈಯಲ್ಲಿ ಕಾಸಿಲ್ಲದವನಿಗೆ ಛತ್ರ. ದೆಹಲಿಯನ್ನು ಕಟ್ಟುತ್ತಿರುವವರಿಗೆ ಲಾಡ್ಜು, ಛತ್ರ ಎರಡೂ ಮರೆತುಹೋಗಿ ಪಂಚತಾರಾ ಹೋಟೆಲೊಂದೇ ನೆನಪಿನಲ್ಲಿ ಉಳಿದಂತೆ ಕಾಣುತ್ತದೆ.

2023ರಲ್ಲಿ ಎರಡು ತಿಂಗಳೊಳಗೆ ಈ ನಗರಕ್ಕೆ ಎರಡು ಮಹಾಸಭಾಭವನಗಳು ಬಂದವು. ಜುಲೈ 26ರಂದು ಪ್ರಗತಿ ಮೈದಾನದಲ್ಲಿ ಸುಮಾರು 2,700 ಕೋಟಿ ರೂಪಾಯಿಯ ಭಾರತ ಮಂಟಪ. ಸೆಪ್ಟೆಂಬರ್ 17ರಂದು ದ್ವಾರಕಾದಲ್ಲಿ ಯಶೋಭೂಮಿ. ಯಶೋಭೂಮಿಯ ಮುಖ್ಯ ಸಭಾಂಗಣದಲ್ಲೇ ಸುಮಾರು 6,000 ಜನ ಕೂರಬಹುದು. ಅದೇ ದಿನ ಅದರ ಬಾಗಿಲಿಗೆ ಮೆಟ್ರೋ ರೈಲೂ ಬಂತು. ಸಂತೋಷ. ಇನ್ನು ಸಭೆಗೆ ಬಂದವರು ಮಲಗುವುದೆಲ್ಲಿ?

ಅದಕ್ಕೂ ಯೋಚನೆ ನಡೆದಿದೆ. ಪ್ರಗತಿ ಮೈದಾನದ 3.7 ಎಕರೆಯನ್ನು ಪಂಚತಾರಾ ಹೋಟೆಲಿಗಾಗಿ 99 ವರ್ಷದ ಗುತ್ತಿಗೆಗೆ, 611 ಕೋಟಿ ರೂಪಾಯಿಗೆ ಕೊಡಲು ಕೇಂದ್ರ ಸಂಪುಟ 2019ರಲ್ಲಿ ಒಪ್ಪಿತು. ದ್ವಾರಕಾದ ಯೋಜನೆಗೆ 2017ರಲ್ಲಿ ಒಪ್ಪಿಗೆ ಸಿಕ್ಕಾಗಲೇ, ಹೋಟೆಲು, ಅಂಗಡಿ, ಕಚೇರಿಗಳನ್ನು ಖಾಸಗಿಯವರ ಪಾಲುದಾರಿಕೆಯಲ್ಲಿ ಕಟ್ಟಿಸುವುದೆಂದು ಬರೆದಿಟ್ಟಿದ್ದರು.

ಹೋಟೆಲೇ ಬೇಡ ಎಂದು ನಾನು ಹೇಳುತ್ತಿಲ್ಲ. ಕೋಣೆಗಳಿಲ್ಲದ ಊರಿಗೆ ಸಮ್ಮೇಳನಗಳು ಬರುವುದಿಲ್ಲ. 1956ರಲ್ಲಿ ಯುನೆಸ್ಕೋ ಮಹಾಧಿವೇಶನ ದೆಹಲಿಗೆ ಬಂದಾಗ ಸಭೆಗೆಂದು ವಿಜ್ಞಾನ ಭವನವನ್ನೂ ಅತಿಥಿಗಳಿಗೆಂದು ಅಶೋಕ ಹೋಟೆಲನ್ನೂ ಕಟ್ಟಿದರು. ಸಭೆಗೆ ಕರೆದವರು ಚಾಪೆಯನ್ನೂ ಹಾಸಬೇಕು ಎಂಬ ತಿಳಿವಳಿಕೆ ಆಗಲೂ ಇತ್ತು. ನನ್ನ ತಕರಾರು ಒಂದೇ: ಚಾಪೆ ಯಾರಿಗೆ?

ಕಳೆದ ಚಳಿಗಾಲದಲ್ಲಿ ನನ್ನ ಬಿ.ಎಸ್ಸಿ. ಸಹಪಾಠಿಯೊಬ್ಬ ಹಾಸನದ ಕಡೆಯಿಂದ ಇಲ್ಲಿನ ಒಂದು ವಿಜ್ಞಾನ ಸಮ್ಮೇಳನಕ್ಕೆ ಬಂದಿದ್ದ. ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ಆಹ್ವಾನ ಪತ್ರದ ಜೊತೆ ಬಂದ ಹೋಟೆಲುಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ ಕೋಣೆಯೂ ದಿನಕ್ಕೆ ಎಂಟು ಸಾವಿರದ ಮೇಲೆ. ರಾಮಕೃಷ್ಣಪುರಂನ ನಮ್ಮ ಎರಡು ಕೋಣೆಯ ಕ್ವಾರ್ಟರ್ಸಿನ ವರಾಂಡದಲ್ಲಿ ನಾಲ್ಕು ರಾತ್ರಿ ಮಲಗಿದ. ಅದು ನಮಗೆ ಭಾರವಲ್ಲ. ಮನೆಯವರು ಅವನಿಗಾಗಿ ಅಕ್ಕಿರೊಟ್ಟಿ ಮಾಡಿದರು, ಮಕ್ಕಳಿಗೂ ಖುಷಿ. ಆದರೆ ದಿನವೂ ಸಂಜೆ ಆರಕ್ಕೇ ಅವನು ಸಭೆ ಬಿಟ್ಟು ಹೊರಡುತ್ತಿದ್ದ. "ನಿಜವಾದ ಮಾತುಕತೆ ನಡೆಯುವುದು ರಾತ್ರಿ ಊಟದ ಹೊತ್ತಿಗೆ, ಅವರೆಲ್ಲ ಉಳಿದಿರುವ ಹೋಟೆಲಿನಲ್ಲಿ ಕಣೋ. ನಾನು ಹೊರಗಿನವನು. ಮುಂದಿನ ವರ್ಷ ಬರುವುದಿಲ್ಲ" ಎಂದ. ಆ ಮಾತು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಸಭಾಂಗಣದ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಒಳಗೆ ಉಳಿಯುವವರು ಯಾರೆಂಬುದನ್ನು ಪಕ್ಕದ ಹೋಟೆಲಿನ ದರಪಟ್ಟಿ ತೀರ್ಮಾನಿಸುತ್ತದೆ.

ಸರಕಾರದ್ದೇ ಲೆಕ್ಕ ನೋಡಿ. 2017ರ ಆದೇಶದಂತೆ ಪ್ರವಾಸದಲ್ಲಿರುವ ನನ್ನಂಥ ಗುಮಾಸ್ತನಿಗೆ ಹೋಟೆಲು ಖರ್ಚಿನ ಮಿತಿ ದಿನಕ್ಕೆ 450 ರೂಪಾಯಿ. ತುಟ್ಟಿಭತ್ಯೆ ಶೇಕಡ 50 ಏರಿದಾಗ ಕಾಲುಭಾಗ ಸೇರುತ್ತದೆ. ಸೇರಿದರೂ 562 ರೂಪಾಯಿ 50 ಪೈಸೆ. ತನ್ನ ನೌಕರ 450 ರೂಪಾಯಿಯಲ್ಲಿ ತಂಗಬಲ್ಲನೆಂದು ಬರೆಯುವ ಸರಕಾರ, ತನ್ನ ನೆಲದಲ್ಲಿ ಅಂಥ ಒಂದು ಕೋಣೆಯನ್ನಾದರೂ ಕಟ್ಟಿಸಬೇಡವೇ?

ಹಿಂದೆ ಕಟ್ಟಿಸಿತ್ತು ಎನ್ನುವುದೇ ದುಃಖದ ಸಂಗತಿ. 1982ರ ಏಷ್ಯನ್ ಕ್ರೀಡಾಕೂಟದ ಕಾಲದಲ್ಲಿ ದೊಡ್ಡ ಹೋಟೆಲುಗಳ ಜೊತೆಗೆ ಅಶೋಕ ರಸ್ತೆಯಲ್ಲಿ ಅಶೋಕ ಯಾತ್ರಿ ನಿವಾಸವೂ ಎದ್ದಿತು. ಸಾಧಾರಣ ಪ್ರಯಾಣಿಕನಿಗಾಗಿ, ನಗರದ ನಡುಮಧ್ಯೆ, ಸರಕಾರದ್ದೇ ವಸತಿ. 2002ರಲ್ಲಿ ಅದನ್ನು ಖಾಸಗಿಯವರಿಗೆ ಮಾರಿದರು. ಇಂದು ಅಲ್ಲಿ ಬೇರೆ ಹೆಸರಿನ ತಾರಾ ಹೋಟೆಲಿದೆ. ಹೀಗೆ ಇದ್ದ ಛತ್ರವನ್ನು ಮಾರಿಕೊಂಡು ಹೊಸ ಸಭಾಮಂಟಪ ಕಟ್ಟಿದ್ದೇವೆ.

"ಖಾಸಗಿಯವರು ನಷ್ಟಕ್ಕೆ ಹೋಟೆಲು ಕಟ್ಟುತ್ತಾರೇನ್ರೀ?" ಎಂದು ನನ್ನ ಕಚೇರಿಯ ಮಿತ್ರರು ನಗುತ್ತಾರೆ. ಬೇಡ, ನಷ್ಟಕ್ಕೆ ಕಟ್ಟುವುದು ಬೇಡ. ಆದರೆ ನೆಲ ಯಾರದು? ಮಂಟಪ ಯಾರ ತೆರಿಗೆಯಿಂದ ಎದ್ದಿತು? ಮಂಟಪದಿಂದಾಗಿ ಪಕ್ಕದ ಜಾಗಕ್ಕೆ ಬೆಲೆ ಏರಿದರೆ, ಆ ಏರಿಕೆಯಲ್ಲಿ ತೆರಿಗೆ ಕೊಟ್ಟವನಿಗೂ ಒಂದು ಹಾಸಿಗೆಯಷ್ಟು ಪಾಲಿರಬೇಕು. ಧರ್ಮಸ್ಥಳಕ್ಕೆ ಹೋಗುವವನು ಕೋಟ್ಯಧಿಪತಿಯಾಗಲಿ, ಕೂಲಿಯಾಗಲಿ, ಊಟವೂ ಸಿಗುತ್ತದೆ, ಕೈಗೆಟುಕುವ ವಸತಿಯೂ ಸಿಗುತ್ತದೆ. ಸಾವಿರಾರು ಜನ ಸೇರುವ ಕಡೆ ಹೀಗೆ ಏರ್ಪಾಟು ಮಾಡಬಹುದೆಂದು ನಮ್ಮ ಜನಕ್ಕೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ನಾನು ಕೇಳುವುದು ಎರಡೇ. ಒಂದು, ಸಭಾಭವನಗಳ ಪಕ್ಕ ಸಾರ್ವಜನಿಕ ನೆಲವನ್ನು ಹೋಟೆಲಿಗೆ ಕೊಡುವಾಗ, ಹತ್ತರಲ್ಲಿ ಒಂದು ಕೋಣೆಯ ಬಾಡಿಗೆ ಸರಕಾರಿ ಗುಮಾಸ್ತನ ಪ್ರವಾಸ ಮಿತಿಯೊಳಗೆ ಇರಬೇಕೆಂದು ಗುತ್ತಿಗೆ ಪತ್ರದಲ್ಲೇ ಬರೆಯಬೇಕು. ಮೊದಲೇ ಬರೆದರೆ ಕಟ್ಟುವವರು ಆ ಲೆಕ್ಕ ಹಿಡಿದೇ ಹರಾಜು ಕೂಗುತ್ತಾರೆ. ಎರಡು, ಅಶೋಕ ಯಾತ್ರಿ ನಿವಾಸದಂಥದೊಂದು ಮತ್ತೆ ಏಳಬೇಕು. ಸಾಲುಹಾಸಿಗೆಯ ಕೋಣೆಗಳಾದರೂ ಸರಿ, ಸ್ವಚ್ಛವಾಗಿರಲಿ, ನಡೆದುಹೋಗುವಷ್ಟು ಹತ್ತಿರವಿರಲಿ.

ಸರಕಾರಿ ನೌಕರ ಸರಕಾರವನ್ನು ಟೀಕಿಸಬಾರದೆಂಬ ನಿಯಮ ನನಗೂ ಗೊತ್ತು. ಇದು ಟೀಕೆಯಲ್ಲ, ಬಿನ್ನಹ. ಊರಿನಿಂದ ಪರೀಕ್ಷೆಗೆ, ಸಂದರ್ಶನಕ್ಕೆ, ಪುಸ್ತಕ ಮೇಳಕ್ಕೆ, ಆಸ್ಪತ್ರೆಗೆ ಬಂದವರಿಗೆ ಇಷ್ಟು ಕಾಲ ಹೊರನಾಡ ಕನ್ನಡಿಗರ ವರಾಂಡಗಳೇ ಛತ್ರಗಳಾಗಿವೆ. ಮುಂದೆಯೂ ನಾವು ಚಾಪೆ ಹಾಸುತ್ತೇವೆ, ಅದರಲ್ಲಿ ಬೇಸರವಿಲ್ಲ. ಆದರೆ ನಮ್ಮ ವರಾಂಡ ಮಂಟಪದಿಂದ ಬಹಳ ದೂರ. ಅಲ್ಲಿ ಮಲಗಿದವನು ರಾತ್ರಿಯ ಚರ್ಚೆಗೆ ಇರಲಾರ. ಅವನಿಲ್ಲದ ಚರ್ಚೆಯನ್ನು ದೇಶದ ಚರ್ಚೆ ಎಂದು ಹೇಗೆ ಕರೆಯೋಣ, ನೀವೇ ಹೇಳಿ.