ಪದವಿಯ ಆಯ್ಕೆ ಮತ್ತು ಕಾಯಕದ ಅರಿವು

ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನದಿಂದ ಮುಂಗಾರು ಬಲಗೊಳ್ಳುವವರೆಗೆ ಸೋಮವಾರಪೇಟೆಯ ಮನೆಮನೆಗಳಲ್ಲಿ ಒಂದೇ ಪ್ರಶ್ನೆ ಸುಳಿದಾಡುತ್ತಿರುತ್ತದೆ: ಮುಂದೇನು? ಉತ್ತರ ಹೇಳುವವರಿಗೆ ಕೊರತೆಯಿಲ್ಲ. ಸೋದರಮಾವ ಇಂಜಿನಿಯರಿಂಗ್ ಎನ್ನುತ್ತಾನೆ, ನೆರೆಮನೆಯವರು ನರ್ಸಿಂಗ್ ಎನ್ನುತ್ತಾರೆ, ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆ ಬರೆದರೆ ಸಾಕೆಂದು ಮತ್ತೊಬ್ಬರ ಸಲಹೆ. ಎರಡು ಮೂರು ಎಕರೆ ಕಾಫಿ ತೋಟದ ಆದಾಯವನ್ನೇ ನಂಬಿದ ತಂದೆ ಶುಲ್ಕದ ಲೆಕ್ಕ ಹಾಕುತ್ತಾನೆ. ತಾಯಿ ಮಗಳು ಉಳಿಯಬೇಕಾದ ಊರಿನ ದೂರವನ್ನು ಲೆಕ್ಕ ಹಾಕುತ್ತಾಳೆ. ಈ ಎಲ್ಲ ಮಾತುಗಳ ನಡುವೆ ಅತಿ ಕಡಿಮೆ ಕೇಳಿಬರುವುದು ಓದಬೇಕಾದವರ ದನಿ. ಯಾವ ಕೋರ್ಸ್, ಯಾವ ಕಾಲೇಜು ಎಂಬುದು ಹೇಗೋ ತೀರ್ಮಾನವಾಗುತ್ತದೆ. ಏತಕ್ಕಾಗಿ ಓದು ಎಂಬುದು ಮಾತ್ರ ತೀರ್ಮಾನವಾಗದೆ ಉಳಿದು, ಆರು ತಿಂಗಳ ಬಳಿಕ ಹಾಸ್ಟೆಲಿನ ಕೊಠಡಿಯಲ್ಲಿ ವಿದ್ಯಾರ್ಥಿಯನ್ನು ಒಂಟಿಯಾಗಿ ಎದುರುಗೊಳ್ಳುತ್ತದೆ.

ಹೊರಗಿನ ವ್ಯವಸ್ಥೆ ಈ ಪ್ರಶ್ನೆಗೆ ಉತ್ತರ ಕೊಡಲಾರದು. ಅದಕ್ಕೆ ಕೊಡಗಿನ ಅನುಭವವೇ ಸಾಕ್ಷಿ. ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಆರಂಭವಾದದ್ದು 1949ರಲ್ಲಿ. ಇಂದು ಅದಕ್ಕೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿದೆ. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಕೊಡಗು ಅದರ ವ್ಯಾಪ್ತಿಗೆ ಸೇರಿತು. 2023ರಲ್ಲಿ ಕುಶಾಲನಗರದ ಬಳಿಯ ಚಿಕ್ಕ ಅಳುವಾರದ ಜ್ಞಾನಕಾವೇರಿ ಆವರಣದಲ್ಲಿ ಕೊಡಗು ವಿಶ್ವವಿದ್ಯಾಲಯ ತಲೆಯೆತ್ತಿತು. ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯ ದೊರೆತ ಸಂತಸ ಇನ್ನೂ ಹಸಿಯಾಗಿರುವಾಗಲೇ, 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ವಿಚಾರವನ್ನು ಮುಂದಿಟ್ಟಿತು. ಕೊಡಗಿನ ಹೆಸರೂ ಆ ಪಟ್ಟಿಯಲ್ಲಿತ್ತು. ಪದವಿಯ ಅವಧಿಯ ಕಥೆಯೂ ಇದೇ. 2021ರಲ್ಲಿ ಹೊಸ ಶಿಕ್ಷಣ ನೀತಿಯೊಡನೆ ನಾಲ್ಕು ವರ್ಷದ ಪದವಿ ಬಂದಿತು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಇಂತಹ ಏರಿಳಿತಗಳಲ್ಲಿ ವಿದ್ಯಾರ್ಥಿಯ ತಪ್ಪೇನೂ ಇಲ್ಲ. ಆದರೆ ತನ್ನ ಓದಿನ ಅರ್ಥವನ್ನು ಸಂಸ್ಥೆಯ ನಾಮಫಲಕಕ್ಕೋ ಮಾರುಕಟ್ಟೆಯ ಗಾಳಿಗೋ ತೂಗುಹಾಕಿದವನು, ಫಲಕ ಬದಲಾದ ದಿನ, ಗಾಳಿ ತಿರುಗಿದ ದಿನ ಬರಿಗೈಯಾಗುತ್ತಾನೆ.

ಸಾಮಾನ್ಯವಾಗಿ ಎರಡು ಬಗೆಯ ಉಪದೇಶಗಳು ಕೇಳಿಬರುತ್ತವೆ. ಕೆಲಸ ಸಿಗುವುದನ್ನು ಓದು ಎಂಬುದು ಒಂದು. ಮನಸ್ಸಿಗೆ ಹಿಡಿಸಿದ್ದನ್ನು ಓದು ಎಂಬುದು ಇನ್ನೊಂದು. ಬಡತನ ಬಲ್ಲ ಯಾರೂ ಮೊದಲನೆಯದನ್ನು ತುಚ್ಛವೆನ್ನಲಾರರು. ಆದರೆ ನಾಲ್ಕು ವರ್ಷಗಳ ಮುಂದಿನ ಮಾರುಕಟ್ಟೆಯನ್ನು ಕಂಡವರು ಯಾರು? ಎರಡನೆಯದು ಕೇಳಲು ಹಿತ. ಆದರೆ ಹದಿನೆಂಟರ ಹರೆಯದಲ್ಲಿ ತನಗೆ ಹಿಡಿಸಿದ್ದು ಯಾವುದೆಂದು ಖಚಿತವಾಗಿ ತಿಳಿದವರು ವಿರಳ. ಅಭಿರುಚಿಯು ಬೀರುವಿನಲ್ಲಿಟ್ಟ ಒಡವೆಯಲ್ಲ, ಹುಡುಕಿ ತೆಗೆಯಲು. ಅದು ಕೆಲಸದೊಡನೆ ಬೆಳೆಯುವಂಥದ್ದು. ನೆಟ್ಟ ವರ್ಷವೇ ಫಸಲು ಕೊಡಲಿಲ್ಲವೆಂದು ಕಾಫಿ ಗಿಡವನ್ನು ಕಿತ್ತೆಸೆಯುವ ಬೆಳೆಗಾರನುಂಟೆ?

ಶರಣರ ಕಾಯಕ ತತ್ತ್ವವು ಈ ಎರಡಕ್ಕೂ ಹೊರತಾದ ಮೂರನೆಯ ದಾರಿಯನ್ನು ತೋರುತ್ತದೆ. ಆದರೆ ಆ ಮಾತನ್ನು ಎಚ್ಚರದಿಂದ ಬಳಸಬೇಕು. ಓದಿನಲ್ಲಿ ಮನಸ್ಸು ನಿಲ್ಲುತ್ತಿಲ್ಲವೆಂದು ಮಗನೋ ಮಗಳೋ ಹೇಳಿಕೊಂಡಾಗ, ಕಾಯಕದ ಮಹಿಮೆಯನ್ನು ಉಪದೇಶಿಸಿ ಬಾಯಿ ಮುಚ್ಚಿಸುವ ಹಿರಿಯರಿದ್ದಾರೆ. ಇದು ಕಾಯಕಕ್ಕೆ ಮಾಡುವ ಅಪಚಾರ. ಶರಣರ ಕಾಯಕವು ಹೇರಿದ ದುಡಿಮೆಯಲ್ಲ. ಅದು ಸ್ವೀಕರಿಸಿದ ದುಡಿಮೆ, ಪ್ರಾಮಾಣಿಕವಾದ ದುಡಿಮೆ, ಅದರ ಫಲ ದಾಸೋಹವಾಗಿ ಸಮಾಜಕ್ಕೆ ಸಲ್ಲಬೇಕಾದ ದುಡಿಮೆ. ಅರಿವಿಲ್ಲದೆ, ಒಪ್ಪಿಗೆಯಿಲ್ಲದೆ ಹೊತ್ತದ್ದು ಬರಿಯ ಹೊರೆ.

ಶೂನ್ಯಸಂಪಾದನೆಯಲ್ಲಿ ಬರುವ ಸಿದ್ಧರಾಮನ ಪ್ರಸಂಗ ಇಲ್ಲಿ ಮನನಯೋಗ್ಯ. ಸೊನ್ನಲಿಗೆಯಲ್ಲಿ ಕೆರೆ ತೋಡಿಸುತ್ತ, ಗುಡಿ ಕಟ್ಟಿಸುತ್ತ, ಸಾವಿರಾರು ಜನರಿಗೆ ನೆಲೆಯಾಗಿದ್ದ ಸಿದ್ಧರಾಮನನ್ನು ಅರಸಿ ಅಲ್ಲಮಪ್ರಭು ಬರುತ್ತಾನೆ. ಅವನ ಕೆಲಸವನ್ನು ಕಂಡು ಹೊಗಳುವ ಬದಲು ಬಿರುಸಾಗಿ ಮಾತನಾಡುತ್ತಾನೆ. ಕೆರಳಿದ ಕೆಲಸಗಾರರು ಕಲ್ಲೆಸೆಯುತ್ತಾರೆ. ಕೆರೆ ತೋಡುವುದು ತಪ್ಪೆಂಬುದು ಅಲ್ಲಮನ ಅಭಿಪ್ರಾಯವಾಗಿರಲಾರದು. ಬಾಯಾರಿದ ಊರಿಗೆ ನೀರು ಬೇಡವೆನ್ನುವ ಜ್ಞಾನಿ ಎಲ್ಲಿಯೂ ಇಲ್ಲ. ಹೊರಗೆ ಇಷ್ಟೊಂದು ಅಗೆಯುತ್ತಿರುವವನು ಒಳಗೆ ತನ್ನನ್ನು ತಾನು ಅಗೆದು ನೋಡಿದ್ದಾನೆಯೆ ಎಂಬುದೇ ಅವನ ಪ್ರಶ್ನೆ. ಅಂಕಗಳ ರಾಶಿ ಹಾಕಿದ ವಿದ್ಯಾರ್ಥಿಯೂ ಇದೇ ಪ್ರಶ್ನೆಯ ಮುಂದೆ ನಿಲ್ಲುತ್ತಾನೆ. ಶ್ರಮವಿದೆ, ಹೆಸರೂ ಇದೆ. ಆದರೂ ಒಳಗೆ ಬರಿದು. ಆ ಬರಿದುತನವು ಸೋಮಾರಿತನವಲ್ಲ, ರೋಗಲಕ್ಷಣವೂ ಆಗಿರಬೇಕಿಲ್ಲ. ಅನೇಕ ವೇಳೆ ಅದು ಅರಿವಿನ ಬಾಗಿಲು ತಟ್ಟುವ ಸದ್ದು. ಬೈದು ಅದನ್ನು ಅಡಗಿಸಬಾರದು, ಕುಳಿತು ಕೇಳಬೇಕು.

ಆಯ್ಕೆಯೊಂದು ತಪ್ಪಾದರೆ ಬದುಕೇ ತಪ್ಪಿತೆಂಬ ಭಯವೂ ಇಂದು ಬಲವಾಗಿದೆ. ಫ.ಗು. ಹಳಕಟ್ಟಿಯವರ ಜೀವನ ಈ ಭಯಕ್ಕೆ ತಕ್ಕ ಉತ್ತರ. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ ಓದಿದರು, ಕಾನೂನು ಪದವಿ ಪಡೆದರು, ವಿಜಯಪುರದಲ್ಲಿ ವಕೀಲಿ ನಡೆಸಿದರು. ವಚನಗಳನ್ನು ಸಂಪಾದಿಸಲು ಅವರಿಗೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಟ್ಟಿರಲಿಲ್ಲ. ಮನೆಮನೆ ತಿರುಗಿ ತಾಳೆಗರಿಗಳನ್ನು ಕೂಡಿಹಾಕಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಹಾಗೆಂದು ಕಾನೂನಿನ ಓದು ವ್ಯರ್ಥವಾಯಿತೆ? ದಾಖಲೆಯನ್ನು ತಾಳ್ಮೆಯಿಂದ ಓದುವ, ಪಾಠಕ್ಕೆ ಪಾಠವನ್ನು ಹೋಲಿಸುವ, ಸಾಕ್ಷ್ಯವಿಲ್ಲದೆ ಒಪ್ಪದಿರುವ ಶಿಸ್ತು ವಕೀಲನದೂ ಹೌದು, ಸಂಪಾದಕನದೂ ಹೌದು. ಪದವಿಯೊಂದು ಅವರಿಗೆ ಉಪಕರಣವನ್ನು ಕೊಟ್ಟಿತು. ಅದನ್ನು ಯಾವ ನೆಲದಲ್ಲಿ ಹೂಡಬೇಕೆಂಬುದನ್ನು ಅವರೇ ಕಂಡುಕೊಂಡರು. ಪ್ರವೇಶ ಪತ್ರದಲ್ಲಿ ಬರೆದ ವಿಷಯವೇ ಹಣೆಬರಹವಲ್ಲ.

ಹಾಗಾದರೆ ಆಯ್ಕೆಯ ಹೊತ್ತಿನಲ್ಲಿ ಕೇಳಿಕೊಳ್ಳಬೇಕಾದದ್ದೇನು? ಯಾರ ಯಾವ ಕಷ್ಟಕ್ಕೆ, ಯಾವ ಪ್ರಶ್ನೆಗೆ ಈ ಓದು ಒದಗೀತು ಎಂಬುದು. ಸೋಮವಾರಪೇಟೆಯ ಮಕ್ಕಳಿಗೆ ಇಂತಹ ಪ್ರಶ್ನೆಗಳನ್ನು ದೂರದಿಂದ ತರಬೇಕಿಲ್ಲ. ಅರೇಬಿಕಾ ಗಿಡದ ಕಾಂಡವನ್ನು ಕೊರೆಯುವ ಹುಳು ಮನೆಯ ತೋಟದಲ್ಲೇ ಇದೆ; ಅದನ್ನು ಕಂಡು ಬೆಳೆದವಳಿಗೆ ಸಸ್ಯಶಾಸ್ತ್ರವೂ ಕೀಟಶಾಸ್ತ್ರವೂ ಬರಿಯ ಪಠ್ಯವಲ್ಲ. ಕಾಫಿ ಸಂಶೋಧನೆಯ ಉಪಕೇಂದ್ರ ಚೆಟ್ಟಳ್ಳಿಯಲ್ಲಿದೆ, ಅರಣ್ಯ ಮಹಾವಿದ್ಯಾಲಯ ಪೊನ್ನಂಪೇಟೆಯಲ್ಲಿದೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮನೆ, ತೋಟ, ರಸ್ತೆಗಳು ಕೊಚ್ಚಿಹೋದುದನ್ನು ಕಂಡ ಬಾಲಕನಿಗೆ ಭೂವಿಜ್ಞಾನದ, ಸಿವಿಲ್ ಇಂಜಿನಿಯರಿಂಗ್‌ನ ಅರ್ಥವನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸಹಕಾರ ಸಂಘದ ಲೆಕ್ಕವನ್ನು ಶುದ್ಧವಾಗಿಡುವ ವಾಣಿಜ್ಯ ಪದವೀಧರನೂ, ಹಳ್ಳಿಯ ಶಾಲೆಯಲ್ಲಿ ಕನ್ನಡವನ್ನು ಪ್ರೀತಿಯಿಂದ ಕಲಿಸುವ ಶಿಕ್ಷಕಿಯೂ ಇದೇ ಸಾಲಿನವರು. ಎಲ್ಲರೂ ಊರಿಗೇ ಮರಳಬೇಕೆಂಬ ಕಟ್ಟಳೆಯಿಲ್ಲ. ಬೆಂಗಳೂರಿನಲ್ಲಿ ನಿಂತೂ ಬೇರೊಬ್ಬರಿಗೆ ಒದಗಬಹುದು. ಒದಗುವ ಬಯಕೆ ಇರಬೇಕು, ಅಷ್ಟೆ.

ಈ ಬಯಕೆಗೆ ದಾಸೋಹದ ಇನ್ನೊಂದು ಮುಖವೂ ಬೆಂಬಲವಾಗಿದೆ. ಕನ್ನಡನಾಡಿನಲ್ಲಿ ಎಷ್ಟೋ ಬಡ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದು ಕಾಣದ ಕೈಗಳ ಕೊಡುಗೆಯಿಂದ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಬರೆದಿಟ್ಟರು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಜಾತಿಮತಗಳ ಭೇದವೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಒದಗಿಸಿದರು. ಸರ್ಕಾರಿ ಕಾಲೇಜಿನಲ್ಲಿ ಓದುವ ವಿದ್ಯಾರ್ಥಿಯ ಬೆಂಚಿನ ಹಿಂದೆಯೂ ತೆರಿಗೆ ಕೊಟ್ಟ ಕೂಲಿಯವರ ಬೆವರಿದೆ. ಇದನ್ನು ನೆನೆಯುವುದು ಋಣದ ಸಂಕೋಲೆ ತೊಡಿಸುವುದಕ್ಕಲ್ಲ. ತನ್ನ ಓದು ತನ್ನೊಬ್ಬನದಲ್ಲವೆಂದು ತಿಳಿದವನಿಗೆ, ಮನಸ್ಸು ಸೋತ ದಿನವೂ ಪುಸ್ತಕ ತೆರೆಯಲು ಒಂದು ಕಾರಣ ಉಳಿದಿರುತ್ತದೆ.

ಮೊದಲ ವರ್ಷ ಎಲ್ಲರಿಗೂ ಕಠಿಣ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನ ಪಾಠ ಕಿವಿಗೆ ಬಿದ್ದರೂ ಮನಕ್ಕಿಳಿಯದು. ಮನೆಯ ನೆನಪು ಸಂಜೆಯಾದೊಡನೆ ಕಾಡುತ್ತದೆ. ಉತ್ಸಾಹ ಬಂದ ಮೇಲೆ ಓದುವೆನೆಂದು ಕಾದು ಕುಳಿತವರಿಗೆ ಅದು ಬರುವುದು ಅಪರೂಪ. ದಿನಕ್ಕೊಂದಿಷ್ಟು ಓದತೊಡಗಿದವರನ್ನು ಅದು ಹಿಂದಿನಿಂದ ಬಂದು ಕೂಡಿಕೊಳ್ಳುತ್ತದೆ. ಶರಣರ ಕಾಯಕ ನಿತ್ಯದ್ದಾಗಿತ್ತು ಎಂಬುದರ ಮರ್ಮ ಇದೇ. ಅರಿಯದ್ದನ್ನು ಕೇಳಲು ನಾಚಬಾರದು. ಅನುಭವ ಮಂಟಪ ನಡೆದದ್ದೇ ಪ್ರಶ್ನೆಗಳಿಂದ. ಮನದ ಕತ್ತಲೆ ವಾರಗಟ್ಟಲೆ ಕರಗದಿದ್ದರೆ ಅಧ್ಯಾಪಕರಲ್ಲಿ, ಹೆತ್ತವರಲ್ಲಿ, ಅಗತ್ಯವಿದ್ದರೆ ವೈದ್ಯರಲ್ಲಿ ಹೇಳಿಕೊಳ್ಳಬೇಕು. ಶ್ರದ್ಧೆಯಿಂದ ಪ್ರಯತ್ನಿಸಿದ ಮೇಲೂ ವಿಷಯ ಒಗ್ಗದಿದ್ದರೆ ಅದನ್ನು ಬದಲಾಯಿಸುವುದು ಸೋಲಲ್ಲ. ಪ್ರಯತ್ನಿಸದೆ ಬದಲಾಯಿಸುತ್ತ ಹೋಗುವುದು ಮಾತ್ರ ಅಲೆದಾಟ.

ಹೆತ್ತವರಿಗೂ ಒಂದು ಹೊಣೆಯಿದೆ. ಮಕ್ಕಳ ಅಂಕಪಟ್ಟಿಯನ್ನು ಊರಿಗೆಲ್ಲ ತೋರಿಸುವ ಮುನ್ನ, ಒಂದು ಸಂಜೆ ಅವರೊಡನೆ ತೋಟದ ಹಾದಿಯಲ್ಲಿ ನಡೆದು, ಏನನ್ನು ಅರಿಯುವ ಆಸೆ ನಿನಗಿದೆ ಎಂದು ಕೇಳಲಿ. ಉತ್ತರ ತಡವಾದರೆ ತಾಳಲಿ. ಶುಲ್ಕ ಕಟ್ಟಿದ ರಶೀದಿಯಿಂದ ಪ್ರವೇಶ ದೊರೆಯುತ್ತದೆ. ಓದಿಗೆ ಜೀವ ಬರುವುದು, ಅದನ್ನು ತನ್ನದೆಂದು ಒಪ್ಪಿಕೊಂಡ ಮನಸ್ಸಿನಿಂದ.