ಬಿಲ್ಲು ಕೊಡಲು ನಾಚಿಕೆಯೇಕೆ?

ನಮ್ಮ ಸಂಘದ ಕಚೇರಿಗೆ ಬರುವ ದೂರುಗಳ ಸ್ವರೂಪ ಕೆಲವು ವರ್ಷಗಳಿಂದ ಬದಲಾಗುತ್ತ ಬಂದಿದೆ. ಹಿಂದೆ ಬರುತ್ತಿದ್ದವು ಹೆಚ್ಚಾಗಿ ಧಣಿಗಳ ಮೇಲಿನ ದೂರುಗಳು. ಸಂಬಳ ಹಿಡಿದಿಟ್ಟರು, ರಜೆ ಕೊಡಲಿಲ್ಲ, ಊರಿಗೆ ಹೋಗಿ ಬರುವಷ್ಟರಲ್ಲಿ ಬೇರೆಯವನನ್ನು ಇಟ್ಟುಕೊಂಡರು ಎಂಬಂಥವು. ಅವು ನಿಂತುಹೋಗಿವೆ ಎಂದಲ್ಲ. ಆದರೆ ಈಗ ಅವುಗಳ ಜೊತೆಗೆ ಇನ್ನೊಂದು ಬಗೆಯ ಜನ ಮೆಟ್ಟಲು ಹತ್ತಿ ಬರುತ್ತಿದ್ದಾರೆ. ಹೋಟೆಲು ಬಿಟ್ಟು ಮದುವೆ ಮುಂಜಿಗಳ ಅಡುಗೆ ಹಿಡಿದವರು, ಇಲೆಕ್ಟ್ರಿಕ್ ಕೆಲಸ, ನಲ್ಲಿ ಕೆಲಸ, ಬಣ್ಣದ ಕೆಲಸ ಮಾಡುವವರು, ಮನೆಯಲ್ಲೇ ಹೊಲಿಗೆಯಂತ್ರ ಇಟ್ಟುಕೊಂಡ ಹೆಣ್ಣುಮಕ್ಕಳು, ಕಂಪ್ಯೂಟರಿನಲ್ಲಿ ಆಮಂತ್ರಣ ಪತ್ರಿಕೆ ಜೋಡಿಸಿ ಕೊಡುವ ಹುಡುಗರು. ಇವರಿಗೆ ಧಣಿ ಎಂಬವನಿಲ್ಲ. ಆದರೂ ಕೈಯಲ್ಲಿ ಕಾಸಿಲ್ಲ. ಕೆಲಸ ಮುಗಿಸಿ ಮೂರು ತಿಂಗಳಾಯಿತು, ನಾಲ್ಕು ತಿಂಗಳಾಯಿತು, ದುಡ್ಡು ಬರಲಿಲ್ಲ ಎನ್ನುತ್ತಾರೆ. ಬಿಲ್ಲು ಕೊಟ್ಟಿದ್ದೀರಾ ಎಂದು ಕೇಳಿದರೆ ಹೆಚ್ಚಿನವರು ತಲೆ ತಗ್ಗಿಸುತ್ತಾರೆ. “ಹೇಗೆ ಕೊಡುವುದು? ಅವರು ನಮ್ಮವರೇ ಅಲ್ಲವೇ?”

ಈ ಒಂದು ಮಾತಿನ ಬಗೆಗೆ ಈ ಸಲ ಸ್ವಲ್ಪ ವಿವರವಾಗಿ ಬರೆಯಬೇಕೆಂದಿದ್ದೇವೆ.

ಹೋಟೆಲಿನಲ್ಲಿ ದುಡಿದು ಬಂದ ನಮಗೆಲ್ಲ ಬಿಲ್ಲು ಎಂದರೆ ಏನೆಂದು ಗೊತ್ತು. ಎರಡು ಇಡ್ಲಿ, ಒಂದು ಚಹ ಕೊಟ್ಟ ಸಪ್ಲಾಯರ್, ಗಿರಾಕಿ ಕೈ ತೊಳೆದು ಬರುವಷ್ಟರಲ್ಲಿ ಬಿಲ್ಲು ತಂದು ಮೇಜಿನ ಮೇಲೆ ಇಡುತ್ತಾನೆ. ಅದರಲ್ಲಿ ಅವನಿಗೆ ಸಂಕೋಚವಿಲ್ಲ. ತಿಂದವನಿಗೆ ಅವಮಾನವೂ ಇಲ್ಲ. ತಿಂದವರು ಧಣಿಯ ಸೋದರಮಾವನೇ ಆಗಿದ್ದರೂ ಬಿಲ್ಲು ಗಲ್ಲೆಗೆ ಹೋಗಿಯೇ ಹೋಗುತ್ತದೆ. ಅಲ್ಲಿ ಹಣ ತೆಗೆದುಕೊಳ್ಳುವುದೋ ನಕ್ಕು ಹರಿದುಹಾಕುವುದೋ ಧಣಿಗೆ ಬಿಟ್ಟ ವಿಷಯ. ಇಂಥ ಸಪ್ಲಾಯರೇ ನಾಳೆ ಹೋಟೆಲು ಬಿಟ್ಟು, ತಾನಾಗಿ ಅಡುಗೆ ಹಿಡಿದು, 300 ಮಂದಿಗೆ ಬಡಿಸಿದ ದಿನ ಬಿಲ್ಲು ಬರೆಯಲು ಅವನ ಕೈ ಏಳುವುದಿಲ್ಲ. ಹತ್ತು ವರ್ಷ ಇನ್ನೊಬ್ಬನ ದುಡ್ಡನ್ನು ವಸೂಲು ಮಾಡಿಕೊಟ್ಟ ಮನುಷ್ಯನಿಗೆ ತನ್ನ ದುಡ್ಡು ಕೇಳುವಾಗ ಗಂಟಲು ಕಟ್ಟುತ್ತದೆ.

ಕಾರಣವಿಲ್ಲದೆ ಇಲ್ಲ. ಇಡ್ಲಿಯ ದರ ಗೋಡೆಯ ಹಲಗೆಯ ಮೇಲಿತ್ತು; ಅದನ್ನು ಬರೆಸಿದವನು ಧಣಿ. ಈಗ ದರ ಹೇಳಬೇಕಾದವನು ತಾನೇ. ಹೆಚ್ಚಾಯಿತು ಎಂದಾರೋ, ನಿನ್ನೆಯವರೆಗೆ ಲೋಟ ಎತ್ತುತ್ತಿದ್ದವನಿಗೆ ಇಷ್ಟೇ ಎಂದಾರೋ ಎಂಬ ಅಳುಕು. ಅದರ ಮೇಲೆ ಊರಿನ ರೂಢಿ ಬೇರೆ. ನಮ್ಮ ಕಡೆ ಅಡುಗೆಯವರಿಗೂ ವಾದ್ಯದವರಿಗೂ ವೀಳ್ಯದೆಲೆಯ ಮೇಲೆ ಇಟ್ಟು ಕೊಟ್ಟದ್ದನ್ನು ಎಣಿಸದೆ ತೆಗೆದುಕೊಳ್ಳುವುದೇ ಮರ್ಯಾದೆ ಎನಿಸಿಕೊಂಡಿತ್ತು. ಆ ಮರ್ಯಾದೆಯನ್ನು ನಾವು ಹಳಿಯುವುದಿಲ್ಲ. ಆದರೆ ಅದು ನಡೆದದ್ದು ಯಾವ ಆಧಾರದ ಮೇಲೆ ಎಂಬುದನ್ನು ನೋಡಬೇಕು. ಅಕ್ಕಿ, ಕಾಯಿ, ಸೌದೆ ಎಲ್ಲ ಮನೆಯ ಯಜಮಾನರದೇ. ಅಡುಗೆಯವನು ತಂದದ್ದು ತನ್ನ ಎರಡು ಕೈ ಮಾತ್ರ. ಈ ವರ್ಷ ಕಡಮೆ ಬಿದ್ದರೆ ಕೊಯ್ಲಿನ ಹೊತ್ತಿಗೆ ಒಂದು ಮುಡಿ ಅಕ್ಕಿ ಮನೆಗೆ ಬರುತ್ತಿತ್ತು. ಮುಂಬಯಿಯಲ್ಲಿ ಮುಡಿ ಅಕ್ಕಿ ಕಳಿಸುವವರು ಯಾರು? ವಾಶಿಯ ಸಗಟು ಪೇಟೆಯ ದಿನಸಿ, ದಾದರಿನ ತರಕಾರಿ, 19 ಕಿಲೋದ ಗ್ಯಾಸ್ ಸಿಲಿಂಡರು, ಟೆಂಪೋ ಬಾಡಿಗೆ, ಬಡಿಸುವ ಹುಡುಗರ ಕೂಲಿ, ಎಲ್ಲವೂ ಅಡುಗೆ ಹಿಡಿದವನ ಜೇಬಿನಿಂದಲೇ ಹೋಗಬೇಕು.

ಲೆಕ್ಕಕ್ಕೆಂದು ಒಂದು ಊಟ ಹಿಡಿಯೋಣ. 300 ಎಲೆ, ಎಲೆಗೆ 400 ರೂಪಾಯಿ, ಒಟ್ಟು 1,20,000. ಮುಂಗಡ ಬಂದದ್ದು 30,000. ಸಾಮಾನು, ಗ್ಯಾಸು, ಸಾಗಣೆ, ಕೂಲಿ ಸೇರಿ ಖರ್ಚು 95,000. ಅಂದರೆ ಊಟದ ದಿನ 65,000 ರೂಪಾಯಿಗಳನ್ನು ಅವನು ಎಲ್ಲಿಂದಲೋ ತರಬೇಕು. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಂತೆ ತಂದನೆಂದರೆ ತಿಂಗಳಿಗೆ 1,300. ಬಾಕಿ ನಾಲ್ಕು ತಿಂಗಳು ತಡೆದರೆ 5,200 ರೂಪಾಯಿ ಬಡ್ಡಿಗೇ ಹೋಯಿತು. ಅವನ ದುಡಿಮೆಗೆ ಉಳಿಯಬೇಕಾಗಿದ್ದ 25,000ದಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು. ನಡುವೆ ಇನ್ನೊಂದು ಒಳ್ಳೆಯ ಊಟ ಬಂದರೆ ಕೈಯಲ್ಲಿ ಬಂಡವಾಳವಿಲ್ಲದೆ ಅದನ್ನು ಬಿಡಬೇಕಾದೀತು. ಆ ನಷ್ಟವನ್ನು ನಾವು ಹಿಡಿದೇ ಇಲ್ಲ. ಬಿಲ್ಲು ಕೊಡದೆ ಸುಮ್ಮನಿದ್ದವನು ತಾನು ದೊಡ್ಡ ಮನಸ್ಸಿನವನೆಂದು ತಿಳಿದಿರಬಹುದು. ವಾಸ್ತವವಾಗಿ ಅವನು ತನಗಿಂತ ಅನುಕೂಲಸ್ಥರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟು, ಆ ಬಡ್ಡಿಯನ್ನು ತಾನು ಕಟ್ಟುತ್ತಿದ್ದಾನೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇಷ್ಟೇ ಆಗಿದ್ದರೆ ಅದು ಅವನ ಸ್ವಂತ ವಿಷಯ ಎಂದು ಬಿಡಬಹುದಿತ್ತು. ಆದರೆ ಆ ದಿನ ಅವನ ಸಂಗಡ ಎಲೆ ಹಾಕಿದ ಹುಡುಗರಿದ್ದಾರೆ. ಪಾತ್ರೆ ತಿಕ್ಕಿದ ಹೆಂಗಸರಿದ್ದಾರೆ. “ಪಾರ್ಟಿಯಿಂದ ದುಡ್ಡು ಬಂದಿಲ್ಲ ಮಾರಾಯ, ಬರುವ ವಾರ ನೋಡೋಣ” ಎಂದು ಅವರಿಗೆ ಹೇಳುವಾಗ ಇದೇ ಮನುಷ್ಯನಿಗೆ ಯಾವ ದಾಕ್ಷಿಣ್ಯವೂ ಅಡ್ಡ ಬರುವುದಿಲ್ಲ! ಮೇಲಿನವರ ಎದುರು ಸಂಕೋಚ, ಕೆಳಗಿನವರ ಎದುರು ಕಡ್ಡಿ ಮುರಿದ ಮಾತು. ಯಾವ ಧಣಿಯ ಕೈಯಿಂದ ಬಿಡಿಸಿಕೊಂಡು ಬಂದನೋ ಆ ಧಣಿಯ ನಾಲಗೆ ತನ್ನ ಬಾಯಲ್ಲೇ ಹೊರಳುತ್ತಿದೆ ಎಂಬುದು ಅವನಿಗೆ ತಿಳಿಯುವುದಿಲ್ಲ. ಕೂಲಿಕಾರರ ಪತ್ರಿಕೆಯಾದ ನಾವು ಈ ವಿಷಯವನ್ನು ಎತ್ತಿಕೊಂಡದ್ದು ಮುಖ್ಯವಾಗಿ ಇದಕ್ಕಾಗಿ. ಬರೆಯದೆ ಉಳಿದ ಬಿಲ್ಲಿನ ಭಾರ ಕೊನೆಗೆ ಬೀಳುವುದು ದಿನಗೂಲಿಯವನ ತಲೆಯ ಮೇಲೆ.

ಸಂಬಳಗಾರನಿಗೆ ತಾರೀಖು ಎಂಬುದೊಂದು ಇದೆ. 1936ರ ವೇತನ ಪಾವತಿ ಕಾಯಿದೆ ಸಾಮಾನ್ಯ ಕೆಲಸದ ಸ್ಥಳಗಳಲ್ಲಿ ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಸಂಬಳ ಕೊಡಬೇಕೆಂದು ಗೊತ್ತುಮಾಡಿತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯೂ ತಿಂಗಳ ಸಂಬಳಕ್ಕೆ ಆ ತಾರೀಖನ್ನೇ ಇಟ್ಟುಕೊಂಡಿದೆ. ಸ್ವಂತ ಕಸಬಿನವನಿಗೆ 7ನೆಯ ತಾರೀಖನ್ನು ಬೇರೆ ಯಾರೂ ಬರೆದುಕೊಡುವುದಿಲ್ಲ. ಅವನೇ ತನ್ನ ಬಿಲ್ಲಿನಲ್ಲಿ ಬರೆದುಕೊಳ್ಳಬೇಕು.

ಹೊಲಿಗೆಯ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟದ್ದು. ಬರುವವರು ಒಂದೇ ಚಾಳಿನವರು, ಒಂದೇ ಕಟ್ಟಡದವರು. “ಅಕ್ಕಾ, ಹಬ್ಬಕ್ಕೆ ಇದೊಂದು ರವಿಕೆ” ಎಂದು ಬಟ್ಟೆ ಇಟ್ಟು ಹೋಗುತ್ತಾರೆ. ದಾರ, ಲೈನಿಂಗ್, ಹುಕ್ಕು, ರಾತ್ರಿ ಉರಿದ ದೀಪ, ಇವು ಅಕ್ಕನ ಲೆಕ್ಕ. ಅವರಿಗೆ ನಮ್ಮ ಸಲಹೆ ಇಷ್ಟೆ: ಯಂತ್ರದ ಮೇಲಿನ ಗೋಡೆಗೆ ಒಂದು ದರಪಟ್ಟಿ ಅಂಟಿಸಿ. ಹೋಟೆಲಿನ ಹಲಗೆ ಮಾಡುವ ಕೆಲಸವನ್ನು ಅದು ಮಾಡುತ್ತದೆ. ಬಾಯಿಬಿಟ್ಟು ಹೇಳಲಾರದ್ದನ್ನು ಗೋಡೆ ಹೇಳುತ್ತದೆ.

ಬಿಲ್ಲು ಕೊಟ್ಟರೆ ಮುಂದಿನ ಕೆಲಸ ತಪ್ಪೀತು ಎಂಬ ಭಯ ಹಲವರಿಗೆ. ನಾವು ಕಂಡಂತೆ, ಬಿಲ್ಲು ನೋಡಿ ಮುನಿಯುವ ಗಿರಾಕಿ ಬಿಲ್ಲಿಲ್ಲದಿದ್ದರೂ ಕೊಡುವವನಲ್ಲ. ಕೊಡುವ ಮನಸ್ಸಿದ್ದವರಿಗೋ ಬಿಲ್ಲು ಇಲ್ಲದಿರುವುದೇ ತೊಡಕು. ಹೌಸಿಂಗ್ ಸೊಸೈಟಿಯ ಖಜಾಂಚಿ ಕಾಗದವಿಲ್ಲದೆ ಚೆಕ್ಕು ಬರೆಯುವುದು ಹೇಗೆ? ವರ್ಷದ ಕೊನೆಗೆ ಆಡಿಟರು ಕೇಳಿದರೆ ಏನು ತೋರಿಸುವುದು? ಅಲ್ಲಿ ನಮ್ಮ ಪೈಂಟರು ಅವರು ತಾವಾಗಿ ಕೊಡಲಿ ಎಂದು ಕಾಯುತ್ತಿರುತ್ತಾರೆ. ಅವರು ಇವರ ಬಿಲ್ಲು ಬರಲಿ ಎಂದು ಕಾಯುತ್ತಿರುತ್ತಾರೆ.

ಇನ್ನೊಂದು ಭಯ ತೆರಿಗೆಯದು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಂದಿನಿಂದ, ಬಿಲ್ಲು ಬರೆದರೆ ಸರಕಾರ ಹಿಡಿಯುತ್ತದೆ ಎಂದು ಯಾರೋ ಕಿವಿಯಲ್ಲಿ ಊದಿದ್ದಾರೆ. ಅಡುಗೆ, ರಿಪೇರಿ ಮುಂತಾದ ಸೇವೆಯ ಕಸಬಿನವರ ವರ್ಷದ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ಈ ರಾಜ್ಯದಲ್ಲಿ ಸಾಮಾನ್ಯವಾಗಿ ನೋಂದಣಿಯ ಅಗತ್ಯವಿಲ್ಲ. ನೋಂದಣಿಯಿಲ್ಲದವರು ಬಿಲ್ಲಿನಲ್ಲಿ ತೆರಿಗೆ ಸೇರಿಸಕೂಡದು, ಅಷ್ಟೆ. ಬಿಲ್ಲೇ ಕೊಡಕೂಡದೆಂದು ಯಾರೂ ಹೇಳಿಲ್ಲ.

ಬಿಲ್ಲು ಬರೆಯುವುದಕ್ಕೆ ದೊಡ್ಡ ವಿದ್ಯೆ ಬೇಡ. ಏಳನೆಯ ಇಯತ್ತೆ ಕಲಿತವನಿಗೆ ಧಾರಾಳವಾಗಿ ಬರುತ್ತದೆ. ನಿಮ್ಮ ಹೆಸರು ವಿಳಾಸ, ಅವರ ಹೆಸರು ವಿಳಾಸ, ಬಿಲ್ಲಿನ ನಂಬರು, ತಾರೀಖು, ಯಾವ ಕೆಲಸ, ಎಷ್ಟು, ಯಾವ ದರ, ಒಟ್ಟು ಎಷ್ಟು, ಮುಂಗಡ ಕಳೆದು ಉಳಿದದ್ದೆಷ್ಟು, ಎಂದಿನೊಳಗೆ ಕೊಡಬೇಕು. ಈ ಕೊನೆಯದನ್ನೇ ನಮ್ಮವರು ಬಿಟ್ಟುಬಿಡುತ್ತಾರೆ. “ಆದಷ್ಟು ಬೇಗ” ಎಂದು ಬರೆಯುವವರಿದ್ದಾರೆ, ಅದು ತಾರೀಖಲ್ಲ. ಬ್ಯಾಂಕಿನ ಖಾತೆಯನ್ನೋ ಯು.ಪಿ.ಐ. ಚಿತ್ರವನ್ನೋ ಕೆಳಗೆ ಹಾಕಿದರೆ, ಹಣ ಕಳಿಸುವುದು ಹೇಗೆಂಬ ನೆವವೂ ಉಳಿಯುವುದಿಲ್ಲ. ಮುಖ್ಯವಾಗಿ, ಬಿಲ್ಲನ್ನು ಕೆಲಸ ಮುಗಿದ ದಿನವೇ ಕೊಡಬೇಕು. ಊಟದ ರುಚಿ ನಾಲಗೆಯ ಮೇಲಿರುವಾಗ ಕೊಟ್ಟ ಬಿಲ್ಲಿಗೆ ಚೌಕಾಶಿ ಕಡಮೆ. ಎರಡು ತಿಂಗಳ ಮೇಲೆ ಕೊಟ್ಟರೆ ಸಾರಿಗೆ ಉಪ್ಪು ಹೆಚ್ಚಾಗಿತ್ತು ಎಂಬ ನೆನಪು ಬರುತ್ತದೆ. ಕೆಲಸ ಒಪ್ಪುವಾಗಲೇ ದರವನ್ನು ವಾಟ್ಸಾಪಿನಲ್ಲಾದರೂ ಬರೆದು ಕಳಿಸಿ ಅವರಿಂದ ‘ಆಗಲಿ’ ಎನಿಸಿಕೊಳ್ಳಿ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ, ಇಂಥ ಬರವಣಿಗೆಯಲ್ಲಿ ಆದ ಒಪ್ಪಂದ ಎಂಬ ಒಂದೇ ಕಾರಣಕ್ಕೆ ಅದು ಅಸಿಂಧುವಾಗುವುದಿಲ್ಲ.

ನಮ್ಮವರು ಎಂದು ಬಿಟ್ಟುಕೊಡುವ ಮನಸ್ಸಿದ್ದರೆ ಬಿಟ್ಟುಕೊಡಿ, ಬೇಡವೆನ್ನುವುದಿಲ್ಲ. ಆದರೆ ಅದನ್ನು ಬಿಲ್ಲಿನಲ್ಲೇ ತೋರಿಸಿ. ಪೂರ್ತಿ ದರ ಹಾಕಿ, ಕೆಳಗೆ ‘ವಿಶ್ವಾಸಕ್ಕಾಗಿ ಕಳೆದದ್ದು 5,000’ ಎಂದು ಬರೆಯಿರಿ. ಆಗ ಕೆಲಸದ ಬೆಲೆ ಎಷ್ಟು, ವಿಶ್ವಾಸದ ಬೆಲೆ ಎಷ್ಟು ಎಂಬುದು ಇಬ್ಬರಿಗೂ ಗೊತ್ತಿರುತ್ತದೆ.

ಕಾಯಿದೆಯ ಮಾತು ಸ್ವಲ್ಪ. 1872ರ ಕರಾರು ಕಾಯಿದೆಯ 70ನೆಯ ಕಲಮಿನಂತೆ, ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ನ್ಯಾಯವಾಗಿ ಮಾಡಿಕೊಟ್ಟ ಕೆಲಸದ ಪ್ರಯೋಜನ ಪಡೆದವನು ಅದಕ್ಕೆ ಪ್ರತಿಫಲ ಕೊಡಲು ಬದ್ಧ. ಪುಕ್ಕಟೆಯಲ್ಲ ಎಂದು ತೋರಿಸಲು ಬಿಲ್ಲಿಗಿಂತ ಸುಲಭದ ಕಾಗದ ಯಾವುದಿದೆ? ಆದರೆ ಹಕ್ಕಿಗೂ ಆಯುಸ್ಸುಂಟು. 1963ರ ಲಿಮಿಟೇಶನ್ ಕಾಯಿದೆಯ ಪ್ರಕಾರ, ಹಣ ಕೊಡುವ ದಿನ ಗೊತ್ತುಮಾಡಿರದಿದ್ದರೆ, ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಆ ಅವಧಿ ಮುಗಿಯುವ ಮೊದಲು ಕೊಡತಕ್ಕವರು ಇಷ್ಟು ಬಾಕಿಯಿದೆ ಎಂದು ಬರೆದು ರುಜು ಹಾಕಿಕೊಟ್ಟರೆ ಅಂದಿನಿಂದ ಮತ್ತೆ ಮೂರು ವರ್ಷ.

ಸಣ್ಣ ಉದ್ದಿಮೆದಾರರಿಗಾಗಿ 2006ರಲ್ಲಿ ಬಂದ ಕಾಯಿದೆ ಇನ್ನೂ ಬಿಗಿಯಾದದ್ದು. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಯವರಿಂದ ಸರಕು ಅಥವಾ ಸೇವೆ ಪಡೆದವರು ಒಪ್ಪಿದ ತಾರೀಖಿನೊಳಗೆ ಹಣ ಕೊಡಬೇಕು. ಆ ತಾರೀಖು 45 ದಿನ ಮೀರಕೂಡದು. ತಾರೀಖೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ, ಅದೂ ತಿಂಗಳು ತಿಂಗಳಿಗೆ ಅಸಲಿಗೆ ಸೇರುವಂಥದು. ಈ ಅನುಕೂಲ ಬೇಕಾದವರು 2020ರ ಜುಲೈಯಲ್ಲಿ ಆರಂಭವಾದ ಉದ್ಯಮ್ ನೋಂದಣಿಯನ್ನು ಕೆಲಸ ಒಪ್ಪುವ ಮೊದಲೇ ಮಾಡಿಸಿಕೊಂಡಿರಲಿ. ಅದಕ್ಕೆ ಸರಕಾರದ ಶುಲ್ಕವಿಲ್ಲ. ಮಾಡಿಸಿಕೊಡುತ್ತೇನೆಂದು ಸಾವಿರ ರೂಪಾಯಿ ಕೇಳುವ ಏಜಂಟರಿಗೆ ದೂರದಿಂದಲೇ ಕೈಮುಗಿಯಿರಿ.

ಕೊಡಬೇಕಾದವರಿಗೂ ಒಂದು ಮಾತು ಹೇಳದೆ ವಿಧಿಯಿಲ್ಲ. ಈ ನಗರದ ನಮ್ಮವರ ಸಂಘ ಸಂಸ್ಥೆಗಳಲ್ಲಿ ವಾರ್ಷಿಕೋತ್ಸವ, ರಾಜ್ಯೋತ್ಸವಗಳಿಗೆ ಕಡಮೆಯಿಲ್ಲ. ವೇದಿಕೆಯ ಮೇಲಿನ ಅತಿಥಿಗಳಿಗೆ ಶಾಲು, ಹಾರ, ಫಲಪುಷ್ಪ ಆ ದಿನವೇ ಸಲ್ಲುತ್ತವೆ. ವೇದಿಕೆಯ ಹಿಂದೆ ಅನ್ನ ಬೇಯಿಸಿದವನಿಗೂ ಮೈಕು ಕಟ್ಟಿದವನಿಗೂ “ಮುಂದಿನ ಕಮಿಟಿ ಸಭೆಯಲ್ಲಿ ಇಡೋಣ” ಎಂಬ ಉತ್ತರ. ಹೆಚ್ಚು ಕೇಳಿದರೆ “ಇದು ಕನ್ನಡದ ಕೆಲಸ ಅಲ್ಲವೇನಯ್ಯ?” ಎಂಬ ಮಾತು ಬೇರೆ. ಕನ್ನಡದ ಕೆಲಸ ಹೌದು. ಆದರೆ ಅಕ್ಕಿ ಅಂಗಡಿಯ ಶೇಟಜಿ ಕನ್ನಡಕ್ಕೆಂದು ಅಕ್ಕಿ ಕೊಡಲಿಲ್ಲವಷ್ಟೆ. ಕಾರ್ಯಕ್ರಮದ ಆಯವ್ಯಯ ಮಾಡುವಾಗಲೇ ಈ ಹಣವನ್ನು ತೆಗೆದಿಟ್ಟು, ಹದಿನೈದು ದಿನದೊಳಗೆ ಸಲ್ಲಿಸುವ ನಿಯಮವನ್ನು ಪ್ರತಿಯೊಂದು ಸಂಘವೂ ಮಾಡಿಕೊಳ್ಳಬೇಕೆಂದು ನಾವು ಒತ್ತಾಯಿಸುತ್ತೇವೆ.

ಭಾನುವಾರ ಸಂಜೆ ಸಂಘದ ಕಚೇರಿ ತೆರೆದಿರುತ್ತದೆ. ಬಿಲ್ಲು ಬರೆಯಲು ಅಳುಕುವವರು ಬಂದರೆ ಜೊತೆಗೆ ಕುಳಿತು ಬರೆಸಿಕೊಡುತ್ತೇವೆ. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬೇಕಾದರೆ ಅದಕ್ಕೂ ರಾತ್ರಿ ಶಾಲೆಯಲ್ಲಿ ಕಲಿತ ನಮ್ಮ ಹುಡುಗರಿದ್ದಾರೆ. ಹಳೆಯ ಬಾಕಿ ಇದ್ದವರು ಕೆಲಸ ಮಾಡಿದ ತಾರೀಖು, ಮುಂಗಡದ ವಿವರ, ಸಾಮಾನು ತಂದ ಚೀಟಿಗಳು, ಫೋನಿನಲ್ಲಿ ಉಳಿದಿರುವ ಮಾತುಕತೆ, ಇಷ್ಟನ್ನು ಜೊತೆಗೆ ತರಬೇಕು. ಕೆಲಸ ಮುಗಿದು ಎರಡು ವರ್ಷ ದಾಟಿದವರು ಬರುವ ಭಾನುವಾರವೇ ಬರಲಿ.